ಸೈಕಲ್ ಬಂತು, ರೇಸು ಬರಲಿಲ್ಲ

ಜುಲೈ ತಿಂಗಳು ಬಂತೆಂದರೆ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯಲ್ಲಿ ರಾತ್ರಿ ಅಡುಗೆ ಸಂಜೆ ನಾಲ್ಕಕ್ಕೇ ಮುಗಿದಿರುತ್ತದೆ. ನಾಲ್ಕೂವರೆ ಸುಮಾರಿಗೆ ಫ್ರಾನ್ಸಿನಲ್ಲಿ ಆ ದಿನದ ರೇಸು ಶುರು, ಇಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಮುಕ್ತಾಯ. ಟೂರ್ ಡಿ ಫ್ರಾನ್ಸ್ ಅಂದರೆ ಮೂರು ವಾರ, 21 ಹಂತ, ಹೆಚ್ಚುಕಡಿಮೆ 3,400 ಕಿಲೋಮೀಟರ್. ಒಂದೇ ಫೋನಿನ ಸುತ್ತ ನಾವು ನಾಲ್ಕು ಜನ. ಒಬ್ಬ ಶಿರಾ ಕಡೆಯವನು, ಒಬ್ಬ ಕುಷ್ಟಗಿ, ಒಬ್ಬ ಅಥಣಿ, ಇನ್ನೊಬ್ಬ ಚಿಂತಾಮಣಿ. ಚಿಕ್ಕವರಿದ್ದಾಗ ನಮ್ಮಲ್ಲಿ ಯಾರೂ ಗೇರ್ ಸೈಕಲ್ ಮುಟ್ಟಿರಲಿಲ್ಲ. ಅಪ್ಪನ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವರು.

ಓನರ್ ತಾತ ಒಂದು ದಿನ ಇಣುಕಿ ನೋಡಿ, "ಸೈಕಲ್ ತುಳಿಯೋದನ್ನ ಕೂತ್ಕೊಂಡು ನೋಡ್ತೀರೇನ್ರಪ್ಪಾ?" ಅಂದರು. ಅವರು ಮಿಲ್ಲಿನಲ್ಲಿ ಕೆಲಸ ಮಾಡಿದವರು. ನೌಕರಿಯಷ್ಟೂ ವರ್ಷ ಸೈಕಲ್ಲಿನಲ್ಲೇ ಓಡಾಡಿದವರು. ಅವರ ಮಾತು ತಮಾಷೆಯದೇ, ಆದರೆ ಅದರೊಳಗೊಂದು ಒಳ್ಳೆಯ ಪ್ರಶ್ನೆ ಇದೆ. ಇಷ್ಟೊಂದು ಸೈಕಲ್ ತುಳಿದ ದೇಶದಲ್ಲಿ, ಅದನ್ನು ನಿಂತು ನೋಡುವ ರೂಢಿ ಯಾಕೆ ಬೆಳೆಯಲಿಲ್ಲ?

ಮೊದಲು ಆಟ ಹೇಗೆ ಅನ್ನುವುದನ್ನು ಹೇಳಿಬಿಡುತ್ತೇವೆ. ಎದುರುಗಾಳಿಗೆ ಸೈಕಲ್ ತುಳಿಯುವಾಗ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕರೆ ಅದರ ಹಿಂದೆ ಸೇರಿಕೊಂಡವರಿಗೆ ಇದು ಅರ್ಧ ಗೊತ್ತು. ಟ್ರೇಲರ್ ಗಾಳಿಯನ್ನು ಸೀಳುತ್ತದೆ, ಹಿಂದಿನವನ ಕಾಲು ಹಗುರಾಗುತ್ತದೆ. ರೋಡ್ ರೇಸು ನಿಂತಿರುವುದೇ ಈ ಗಾಳಿಮರೆಯ ಮೇಲೆ. ಒಂದೊಂದು ತಂಡಕ್ಕೆ ಎಂಟು ಜನ. ಅದರಲ್ಲಿ ಒಬ್ಬನೇ ನಾಯಕ. ಉಳಿದ ಏಳು ಮಂದಿ ಅವನ ಮುಂದೆ ಗಾಳಿಗೆ ಎದೆ ಕೊಡುತ್ತಾರೆ, ಹಿಂದಿನ ಕಾರಿನಿಂದ ನೀರಿನ ಬಾಟಲಿ ತಂದುಕೊಡುತ್ತಾರೆ, ನಾಯಕನ ಚಕ್ರ ಪಂಕ್ಚರಾದರೆ ತಮ್ಮದನ್ನೇ ಬಿಚ್ಚಿಕೊಡುತ್ತಾರೆ. ಗೆದ್ದವನ ಹೆಸರು ಪೇಪರಿನಲ್ಲಿ ಬರುತ್ತದೆ, ದುಡಿದವರದು ಬರುವುದಿಲ್ಲ. ಊರಿನಲ್ಲಿ ಇಂಥದ್ದು ನೋಡಿದವರೇ ಆದ್ದರಿಂದ ನಮಗೆ ಈ ಆಟ ಬೇಗ ಹಿಡಿಸಿತು.

ಪತ್ರಿಕೋದ್ಯಮ ಓದಿದ ನಮಗೆ ಇನ್ನೊಂದು ಕಾರಣವೂ ಉಂಟು. ಈ ರೇಸನ್ನು ಹುಟ್ಟಿಸಿದ್ದು ಒಂದು ಪತ್ರಿಕೆ. ಪ್ಯಾರಿಸ್ಸಿನ 'ಲೋಟೊ' ಎಂಬ ಕ್ರೀಡಾ ಪತ್ರಿಕೆಗೆ ಎದುರಾಳಿ ಪತ್ರಿಕೆಯ ಮುಂದೆ ಮಾರಾಟವೇ ಇರಲಿಲ್ಲ. ದೇಶ ಸುತ್ತುವ ಸೈಕಲ್ ರೇಸು ಇಡೋಣ ಎಂದು ಅಲ್ಲಿನ ಎಳೆಯ ವರದಿಗಾರ ಜಿಯೊ ಲೆಫೆವ್ರ್ ಸಲಹೆ ಕೊಟ್ಟ, ಸಂಪಾದಕ ಹೆನ್ರಿ ದೆಗ್ರಾಂಜ್ ಒಪ್ಪಿಕೊಂಡ. 1903ರಲ್ಲಿ 60 ಜನ ಹೊರಟರು, 21 ಜನ ಮುಟ್ಟಿದರು. ಮೊದಲ ಹಂತವೇ ಪ್ಯಾರಿಸ್ಸಿನಿಂದ ಲಿಯೋನಿಗೆ, 467 ಕಿಲೋಮೀಟರ್. ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿ ದಾಟಿ ಹೋದ ಹಾಗೆ, ಅದೂ ಒಂದೇ ಓಟಕ್ಕೆ! ಗೆದ್ದ ಮೊರಿಸ್ ಗರಾಂ ಹುಡುಗನಾಗಿದ್ದಾಗ ಮನೆಗಳ ಹೊಗೆಗೂಡು ಗುಡಿಸುತ್ತಿದ್ದವನು. ಪತ್ರಿಕೆಯ ಮಾರಾಟ 25 ಸಾವಿರದಿಂದ 65 ಸಾವಿರಕ್ಕೆ ಏರಿತು. ಪತ್ರಿಕೆ ಅಚ್ಚಾಗುತ್ತಿದ್ದುದು ಹಳದಿ ಕಾಗದದ ಮೇಲೆ. ಮುಂದಿರುವವನಿಗೆ 1919ರಿಂದ ಹಳದಿ ಅಂಗಿ ತೊಡಿಸುವ ಪದ್ಧತಿ ಬಂದುದಕ್ಕೆ ಇದನ್ನೇ ಕಾರಣ ಹೇಳುತ್ತಾರೆ.

ಎರಡನೇ ವರ್ಷವೇ ಗಲಾಟೆ. ರಾತ್ರಿ ರಸ್ತೆಗೆ ಮೊಳೆ ಚೆಲ್ಲಿದರು, ತಮ್ಮೂರಿನವನು ಗೆಲ್ಲಲಿ ಎಂದು ಉಳಿದವರಿಗೆ ಹೊಡೆದರು. ಕೆಲವರು ರೈಲು ಹತ್ತಿದರು ಎಂಬ ದೂರೂ ಬಂತು. ಕೊನೆಗೆ ಗರಾಂ ಸೇರಿ ಮೊದಲ ನಾಲ್ವರನ್ನೂ ಹೊರಹಾಕಿ, ಐದನೆಯವನಾಗಿದ್ದ 19 ವರ್ಷದ ಹುಡುಗನಿಗೆ ಪಟ್ಟ ಕಟ್ಟಿದರು.

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು 1913ರ ಕತೆ. ಯುಜೀನ್ ಕ್ರಿಸ್ತೋಫ್ ಗೆಲ್ಲುವ ಸಾಲಿನಲ್ಲಿದ್ದವನು. ಪಿರನೀಸ್ ಬೆಟ್ಟ ಇಳಿಯುವಾಗ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಬೇರೆಯವರ ಸಹಾಯ ಪಡೆಯುವಂತಿಲ್ಲ ಎಂಬುದು ಆಗಿನ ನಿಯಮ. ಸೈಕಲ್ ಹೊತ್ತುಕೊಂಡು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಕೆಳಗಿನ ಹಳ್ಳಿಯ ಕುಲುಮೆಗೆ ಬಂದ. ಕಬ್ಬಿಣ ಕಾಯಿಸಿ, ಬಡಿದು, ಫೋರ್ಕ್ ಬೆಸೆದವನು ಅವನೇ. ರೇಸಿನ ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಎರಡೂ ಕೈ ಕೆಲಸದಲ್ಲಿ ಇದ್ದುದರಿಂದ ಕುಲುಮೆಯ ಹುಡುಗನೊಬ್ಬ ತಿದಿ ಒತ್ತಿದ. ಅಷ್ಟಕ್ಕೇ ಕ್ರಿಸ್ತೋಫನಿಗೆ ದಂಡದ ನಿಮಿಷ ಸೇರಿಸಿದರು! ಕುಲುಮೆ ನೋಡಿದವರಿಗೆ ಇದರ ಅನ್ಯಾಯ ಬಿಡಿಸಿ ಹೇಳಬೇಕಿಲ್ಲ. ತಿದಿ ಒತ್ತುತ್ತಾ ಸುತ್ತಿಗೆಯನ್ನೂ ಬಡಿಯಲು ಮೂರನೇ ಕೈ ಬೇಕು.

ಇದೆಲ್ಲ ಫ್ರಾನ್ಸ್, ಇಟಲಿ, ಬೆಲ್ಜಿಯಂ ಕತೆ. ನಮಗೆ ಸೈಕಲ್ ತಂದವರು ಇಂಗ್ಲಿಷರು. ಅವರದು ಬೇರೆಯೇ ದಾರಿ. ಬ್ರಿಟನ್ನಿನ ಸೈಕಲ್ ಸವಾರರ ಸಂಘ 1890ರಲ್ಲಿ ಗುಂಪಾಗಿ ರಸ್ತೆಯ ಮೇಲೆ ರೇಸು ಮಾಡುವುದನ್ನೇ ನಿಷೇಧಿಸಿತು. ಕುದುರೆಗಾಡಿಯವರು ದೂರುತ್ತಾರೆ, ಪೊಲೀಸರು ಸೈಕಲ್ಲನ್ನೇ ರಸ್ತೆಯಿಂದ ಓಡಿಸಿಬಿಟ್ಟಾರು ಎಂಬ ಅಂಜಿಕೆ. ಅಲ್ಲಿನವರು ಬೆಳಗಿನ ಜಾವ, ಕಪ್ಪು ಬಟ್ಟೆ ತೊಟ್ಟು, ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡಿಸುವ 'ಟೈಮ್ ಟ್ರಯಲ್' ಹಿಡಿದರು. ಯಾವ ರಸ್ತೆ ಎಂಬುದನ್ನೂ ಗುಟ್ಟಿನ ಅಂಕಿ ಅಕ್ಷರಗಳಲ್ಲಿ ಬರೆಯುತ್ತಿದ್ದರು. 1942ರಲ್ಲಿ ಪರ್ಸಿ ಸ್ಟಾಲರ್ಡ್ ಎಂಬಾತ ಧೈರ್ಯಮಾಡಿ ಗುಂಪು ರೇಸು ನಡೆಸಿದ. ಸಂಘ ಅವನನ್ನೇ ಹೊರಹಾಕಿತು.

ಈಗ ಆಫ್ರಿಕಾದ ಎರಿಟ್ರಿಯಾ ನೋಡಿ. ನಮ್ಮ ರಾಜ್ಯಕ್ಕಿಂತ ಚಿಕ್ಕ ದೇಶ, ಬಡ ದೇಶ. ಅದು ಇಟಲಿಯವರ ವಸಾಹತು. ಇಟಲಿಯವರು ಸೈಕಲ್ ಜೊತೆಗೆ ರೇಸನ್ನೂ ತಂದರು. ಮೊದಲು ಸ್ಥಳೀಯರನ್ನು ತಮ್ಮ ಜೊತೆ ಓಡಿಸಲು ಬಿಡಲಿಲ್ಲ. 1939ರಲ್ಲಿ ಒಮ್ಮೆ ಬಿಟ್ಟರು, ಆಗ ಗೆಬ್ರೆಮರಿಯಂ ಗೆಬ್ರು ಎಂಬ ಸ್ಥಳೀಯನೇ ಗೆದ್ದ. ಅದೇ ನಾಡಿನ ಬಿನಿಯಾಮ್ ಗಿರ್ಮಾಯ್ 2024ರ ಟೂರಿನಲ್ಲಿ ಮೂರು ಹಂತ ಗೆದ್ದು, ಪಾಯಿಂಟುಗಳಲ್ಲಿ ಮೊದಲಿಗನಿಗೆ ಸಿಗುವ ಹಸಿರು ಅಂಗಿಯನ್ನೂ ತೊಟ್ಟ. ಟೂರಿನಲ್ಲಿ ಹಂತ ಗೆದ್ದ ಮೊದಲ ಕಪ್ಪು ಆಫ್ರಿಕನ್ ಅವನು. ಭಾರತದವರು ಒಲಿಂಪಿಕ್ಸ್ ಸೈಕ್ಲಿಂಗಿನಲ್ಲಿ ಕೊನೆಯ ಸಲ ಇಳಿದದ್ದು 1964ರ ಟೋಕಿಯೊದಲ್ಲಿ. ಆಳಿದವರ ಹವ್ಯಾಸವೊಂದೇ ಇದಕ್ಕೆಲ್ಲ ಕಾರಣ ಅನ್ನುವುದಿಲ್ಲ. ದೊಡ್ಡ ಕಾರಣ ಅನ್ನುವುದು ನಮ್ಮ ಅಭಿಪ್ರಾಯ.

ನಮ್ಮಲ್ಲಿ ಸೈಕಲ್ ದುಡಿಮೆಗೆ ಬಂತು. 1949ರಲ್ಲಿ ಮದರಾಸಿನಲ್ಲಿ ಹರ್ಕ್ಯುಲಿಸ್ ಮಾಡುವ ಕಂಪನಿ, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಬಸವೇಶ್ವರನಗರದ ಪಕ್ಕದ ರಾಜಾಜಿನಗರ 1949ರಲ್ಲಿ ಹುಟ್ಟಿದ್ದೇ ಕೈಗಾರಿಕಾ ಉಪನಗರವಾಗಿ. ಬಿನ್ನಿ ಮಿಲ್, ಮಿನರ್ವ ಮಿಲ್, ಸುತ್ತಲಿನ ಕಾರ್ಖಾನೆಗಳ ಶಿಫ್ಟ್ ಬಿಡುವ ಹೊತ್ತಿಗೆ ಮಾಗಡಿ ರಸ್ತೆಯ ತುಂಬಾ ಸೈಕಲ್ಲೇ ಇರುತ್ತಿತ್ತು ಎಂದು ಓನರ್ ತಾತ ಹೇಳುತ್ತಾರೆ. ಆಗ ಸೈಕಲ್ಲಿಗೂ ತೆರಿಗೆ, ಕಟ್ಟಿದ್ದಕ್ಕೆ ಗುರುತಾಗಿ ಒಂದು ಬಿಲ್ಲೆ. ರಾತ್ರಿ ದೀಪ ಇಲ್ಲದಿದ್ದರೆ, ಡಬಲ್ ರೈಡ್ ಹೋದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದರಂತೆ. ಇಂಥದರಲ್ಲಿ ರೇಸಿನ ಯೋಚನೆ ಎಲ್ಲಿಂದ ಬರಬೇಕು? ಮುಂಬೈ–ಪುಣೆ ರೇಸು 1945ರಲ್ಲೇ ಶುರುವಾಗಿತ್ತು ನಿಜ. ಬೋರ್ ಘಾಟಿಯನ್ನು ಮೊದಲು ಹತ್ತಿದವನಿಗೆ 'ಘಾಟಿನ ರಾಜ' ಎಂಬ ಪಟ್ಟವೂ ಇತ್ತು. ಆದರೆ ಅದು ಮಹಾರಾಷ್ಟ್ರದ ಮಾತು.

ನೋಡುವ ಆಟ ನಮ್ಮ ಹಳ್ಳಿಗೆ ಬಂದದ್ದು ಬೇರೆ ರೂಪದಲ್ಲಿ. ನೀವು ಮೂವತ್ತು ದಾಟಿದವರಾದರೆ ನೋಡಿರುತ್ತೀರಿ. ಶಾಲೆ ಬಯಲಿನ ನಡುವೆ ಒಂದು ಕಂಬ, ಟ್ಯೂಬ್‌ಲೈಟು, ಮೈಕಿನಲ್ಲಿ ಸಿನಿಮಾ ಹಾಡು. ಒಬ್ಬ ಮನುಷ್ಯ ಐದು ದಿನವೋ ಒಂಬತ್ತು ದಿನವೋ ಸೈಕಲ್ಲಿನಿಂದ ಕೆಳಗಿಳಿಯದೆ ಸುತ್ತುತ್ತಾನೆ. ಊಟ ಅದರ ಮೇಲೆ, ಸ್ನಾನ ಅದರ ಮೇಲೆ. ಸಂಜೆ ಎದೆಯ ಮೇಲೆ ಟ್ಯೂಬ್‌ಲೈಟು ಒಡೆಸಿಕೊಳ್ಳುತ್ತಾನೆ. ಕೊನೆಯ ದಿನ ಊರವರು ನೋಟಿನ ಹಾರ ಹಾಕುತ್ತಾರೆ. ನಾವು ಇದನ್ನು ಸರ್ಕಸ್ ಅಂದೆವು, ಕ್ರೀಡೆ ಅನ್ನಲಿಲ್ಲ. 1878ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ ಇದರ ದಾಯಾದಿಯೇ ನಡೆದಿತ್ತು. ಆರು ದಿನದಲ್ಲಿ ಸಾವಿರ ಮೈಲಿ ತುಳಿಯುತ್ತೇನೆಂದು ಒಬ್ಬ ಬಾಜಿ ಕಟ್ಟಿ ಗೆದ್ದ. ಆರೇ ದಿನ ಯಾಕೆ ಅಂದರೆ ಭಾನುವಾರ ಆಟ ಆಡುವಂತಿರಲಿಲ್ಲ. ಆಟ ನ್ಯೂಯಾರ್ಕಿಗೆ ಹೋಯಿತು. ಸವಾರರು ನಿದ್ದೆಗೆಟ್ಟು ತೂರಾಡಿ ಬೀಳುವುದನ್ನು ನೋಡಲು ಜನ ದುಡ್ಡು ಕೊಟ್ಟರು. ಒಬ್ಬ ದಿನಕ್ಕೆ 12 ಗಂಟೆಗಿಂತ ಹೆಚ್ಚು ತುಳಿಯಬಾರದೆಂದು 1890ರ ದಶಕದ ಕೊನೆಗೆ ಕಾನೂನು ಬಂದಾಗ, ಇಬ್ಬರ ಜೋಡಿ ಮಾಡಿ ಸರದಿಯಲ್ಲಿ ಇಳಿಸಿದರು. ಆ ಜೋಡಿ ರೇಸೇ ಮುಂದೆ 'ಮ್ಯಾಡಿಸನ್' ಆಯಿತು, 2000ದಲ್ಲಿ ಒಲಿಂಪಿಕ್ಸ್ ಸೇರಿತು. ಅವರ ಸರ್ಕಸ್ಸಿಗೆ ನಿಯಮ ಬರೆಯುವವರು ಸಿಕ್ಕರು, ಪದಕ ಹುಟ್ಟಿತು. ನಮ್ಮ ಸರ್ಕಸ್ಸಿನವನು ಚಾಪೆ ಸುತ್ತಿಕೊಂಡು ಮುಂದಿನ ಊರಿಗೆ ಹೋದ.

ಹಾಗಂತ ಕರ್ನಾಟಕದಲ್ಲಿ ರೇಸು ಹುಟ್ಟಲೇ ಇಲ್ಲ ಅನ್ನುವಂತಿಲ್ಲ. ಕೃಷ್ಣಾ, ಘಟಪ್ರಭಾ ಸೀಮೆಯ ಜಾತ್ರೆಯ ಕರಪತ್ರ ತೆಗೆದು ನೋಡಿ. ತೆರಬಂಡಿ, ಕುಸ್ತಿ, ಭಾರ ಎತ್ತುವುದು, ಅದರ ಕೆಳಗೆ ಸೈಕಲ್ ಸ್ಪರ್ಧೆ. ಪ್ರಥಮ ಬಹುಮಾನ ಇಂಥವರಿಂದ, ದ್ವಿತೀಯ ಇಂಥವರಿಂದ ಎಂದು ಊರಿನ ದೊಡ್ಡವರ ಹೆಸರು. ಎರೆನೆಲದ ಉದ್ದನೆಯ ಚಪ್ಪಟೆ ರಸ್ತೆ, ತಡೆಯಿಲ್ಲದ ಗಾಳಿ. ಗಾಳಿಮರೆಯ ಲೆಕ್ಕ ಅಲ್ಲಿನ ಹುಡುಗರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಕ್ರೀಡಾ ಇಲಾಖೆ ವಿಜಯಪುರ, ಬಾಗಲಕೋಟೆಗಳಲ್ಲಿ ಸೈಕ್ಲಿಂಗ್‌ಗೆಂದೇ ಕ್ರೀಡಾ ನಿಲಯ ನಡೆಸಿತು. ರಾಜ್ಯಕ್ಕೆ ರಾಷ್ಟ್ರೀಯ ಸೈಕ್ಲಿಂಗ್ ಪದಕ ಬಂದದ್ದು ಬಹುಪಾಲು ಈ ಸೀಮೆಯಿಂದ. ಮೇಘಾ ಗೂಗಾಡ, ರೇಣುಕಾ ದಂಡಿನ ಅವರಂಥ ಹೆಣ್ಣುಮಕ್ಕಳು ಬಂದದ್ದೂ ಅಲ್ಲಿಂದಲೇ. ಈ ಮಕ್ಕಳಿಗೆ ಪದಕದ ಆಚೆಯ ಗುರಿ ರೈಲ್ವೆ, ಸೇನೆ ಅಥವಾ ಪೊಲೀಸ್ ನೌಕರಿ. ನೌಕರಿ ಸಿಕ್ಕರೆ ಮನೆ ನಿಲ್ಲುತ್ತದೆ. ಸಿಗದಿದ್ದರೆ ಇಪ್ಪತ್ತೆರಡರ ಹೊತ್ತಿಗೆ ಸೈಕಲ್ ಗೋಡೆಗೆ ಒರಗುತ್ತದೆ. ವಿಜಯಪುರದ ವೆಲೊಡ್ರೋಮ್, ಅಂದರೆ ಸೈಕಲ್ಲಿನ ಸುತ್ತು ಟ್ರ್ಯಾಕ್, ವರ್ಷಗಟ್ಟಲೆ ಎಳೆಯಿತು. ಅಷ್ಟೂ ವರ್ಷ ಮಕ್ಕಳು ತಾಲೀಮು ಮಾಡಿದ್ದು ಲಾರಿಗಳ ನಡುವೆ, ಹೆದ್ದಾರಿಯ ಅಂಚಿನಲ್ಲಿ.

ಬೆಂಗಳೂರಿನ ಹುಚ್ಚು ಈಚಿನದು. 2008ರಲ್ಲಿ ಟೂರ್ ಆಫ್ ನೀಲಗಿರೀಸ್ ಶುರುವಾಯಿತು, ಅದೇ ಸುಮಾರಿಗೆ ವಾರಾಂತ್ಯದ ರೇಸುಗಳೂ ಬಂದವು. ಐಟಿ ಕೆಲಸದವರು ಗೇರ್ ಸೈಕಲ್ ಕೊಂಡರು, ನಂದಿಬೆಟ್ಟ ಹತ್ತಿದರು. ಈ ಬಳಗದಿಂದ ಬಂದ ದೊಡ್ಡ ಹೆಸರು ನವೀನ್ ಜಾನ್. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ ರೇಸು ಹಿಡಿದವರು, ಬೆಂಗಳೂರಿಗೆ ಬಂದು ಟೈಮ್ ಟ್ರಯಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಲ ರಾಷ್ಟ್ರೀಯ ಚಾಂಪಿಯನ್ ಆದರು. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅರವಿಂದ್ ಪನ್ವಾರ್ ಜೊತೆ ಭಾರತದ ಪರವಾಗಿ ಇಳಿದರು.

ನಾವೂ ಈ ಹುಚ್ಚಿನ ಬಾಲ ಹಿಡಿದವರೇ. ನಾಲ್ವರೂ ದುಡ್ಡು ಹಾಕಿ ಎರಡು ಸೆಕೆಂಡ್‌ಹ್ಯಾಂಡ್ ಗೇರ್ ಸೈಕಲ್ ತಂದಿದ್ದೇವೆ. ಭಾನುವಾರ ಐದಕ್ಕೆ ಸರದಿಯಂತೆ ಇಬ್ಬರು ಹೊರಡುತ್ತೇವೆ. ಹಾವನೂರು ಸರ್ಕಲ್, ಮಾಗಡಿ ರಸ್ತೆ, ಸುಂಕದಕಟ್ಟೆ, ಬ್ಯಾಡರಹಳ್ಳಿ, ತಾವರೆಕೆರೆ, ತಿಪ್ಪಗೊಂಡನಹಳ್ಳಿ ಕೆರೆ. ಏಳರೊಳಗೆ ವಾಪಸ್ಸು ತಿರುಗದಿದ್ದರೆ ಲಾರಿ, ಟಿಪ್ಪರ್ ಶುರು. ಇಂಗ್ಲಿಷರು ಬೆಳಗಿನ ಜಾವಕ್ಕೆ ಓಡಿದ್ದು ಕುದುರೆಗಾಡಿಗೆ ಅಂಜಿ, ನಾವು ಟಿಪ್ಪರಿಗೆ. ದಾರಿಯಲ್ಲಿ ಸಿಗುವ ಸವಾರರ ಜೊತೆ ಮಾತಾಡುತ್ತೇವೆ. ಪೊಗಾಚಾರ್ ಯಾವ ಬೆಟ್ಟವನ್ನು ಎಷ್ಟು ನಿಮಿಷಕ್ಕೆ ಹತ್ತಿದ ಎಂಬುದು ಅವರಿಗೆ ಬಾಯಿಪಾಠ. ವಿಜಯಪುರದ ಒಬ್ಬ ಸವಾರನ ಹೆಸರು ಹೇಳಿ ಅಂದರೆ ಸುಮ್ಮನಾಗುತ್ತಾರೆ. ಜಾಗತಿಕ ರೇಸಿನ ನಿಯಮದಂತೆ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದು. ಇಲ್ಲಿ ಆ ತೂಕದ ಹತ್ತಿರದ ಲಕ್ಷಾಂತರ ರೂಪಾಯಿಯ ಸೈಕಲ್ಲಿನ ಮೇಲೆ ಹವ್ಯಾಸಿ ಕೂತಿರುತ್ತಾನೆ. ಅಲ್ಲಿ ಪದಕ ತರಬಲ್ಲ ಹುಡುಗಿ ಹಾಸ್ಟೆಲಿನ ಹಳೆಯ ಸೈಕಲ್ಲಿನ ಚೈನು ಸರಿಮಾಡುತ್ತಿರುತ್ತಾಳೆ.

2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಲಕ್ಷಗಟ್ಟಲೆ ಹೆಣ್ಣುಮಕ್ಕಳು ಮೊದಲ ಬಾರಿ ತಮ್ಮದೇ ಸೈಕಲ್ ಹತ್ತಿದ್ದು ಆಗ. ಕೋವಿಡ್ ಬಂದ ಮೇಲೆ ಅದು ನಿಂತಿತು. ಇಪ್ಪತ್ತು ಕಿಲೋ ಹತ್ತಿರದ ಆ ಸೈಕಲ್ ರೇಸಿನದ್ದಲ್ಲ. ಆದರೂ ಯಾರ ಕಾಲಿನಲ್ಲಿ ಎಷ್ಟು ಕಸುವಿದೆ ಎಂದು ತಿಳಿಯುವುದು ಮೊದಲು ಅಂಥ ಸೈಕಲ್ಲಿನ ಮೇಲೆಯೇ.

ಜಾತ್ರೆಯ ರೇಸಿನ ಇತಿಹಾಸಕ್ಕೆ ಪುಸ್ತಕ ಹುಡುಕಿದೆವು, ನಮ್ಮ ಕೈಗೆ ಸಿಗಲಿಲ್ಲ. ಇರುವುದು ನಿಮ್ಮ ಮನೆಯ ಟ್ರಂಕಿನಲ್ಲಿ. ಸೈಕಲ್ ಸ್ಪರ್ಧೆಯ ಹಳೆಯ ಕರಪತ್ರ ಇದ್ದರೆ ಫೋಟೊ ತೆಗೆದಿಡಿ. ಗೆದ್ದವರು ಬದುಕಿದ್ದರೆ ಯಾವ ವರ್ಷ, ಎಲ್ಲಿಂದ ಎಲ್ಲಿಗೆ, ಯಾರ ಸೈಕಲ್ಲಿನಲ್ಲಿ ಎಂದು ಕೇಳಿ, ಫೋಟೊದ ಹಿಂದೆ ಬರೆದಿಡಿ.