ಟಕಟಕ ಸದ್ದು ಮತ್ತು ಸೀಸ

ಪೆಟ್ರೋಲ್ ಎಂಜಿನ್ನಿನಿಂದ ಹೆಚ್ಚು ಕೆಲಸ ತೆಗೆಯಲು ನೇರವಾದ ದಾರಿಯೊಂದಿದೆ: ಕಿಡಿ ಹತ್ತುವ ಮುನ್ನ ಸಿಲಿಂಡರಿನೊಳಗಿನ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಇನ್ನಷ್ಟು ಬಿಗಿಯಾಗಿ ಒತ್ತುವುದು. ಲೆಕ್ಕದ ಆದರ್ಶ ಎಂಜಿನ್ನಿನಲ್ಲಿ ಮಿಶ್ರಣವನ್ನು ಕಾಲು ಭಾಗಕ್ಕೆ ಒತ್ತಿದರೆ ಶಾಖದ ಶೇ. 43ರಷ್ಟು ಕೆಲಸವಾಗುತ್ತದೆ, ಅರೆಕಾಲು ಭಾಗಕ್ಕೆ ಒತ್ತಿದರೆ ಶೇ. 56ರಷ್ಟು. ನಿಜವಾದ ಎಂಜಿನ್ನಿನಲ್ಲಿ ಎರಡೂ ಕಡಿಮೆಯೇ, ಆದರೆ ಒತ್ತಿದಷ್ಟೂ ಲಾಭವೆನ್ನುವುದು ಅಲ್ಲಿಯೂ ನಿಜ.

ಹಾಗಿದ್ದೂ ಫೋರ್ಡ್‌ನ ಮಾಡೆಲ್ ಟಿ ಕಾರು ನಾಲ್ಕರ ಆಸುಪಾಸಿನ ಅನುಪಾತದಲ್ಲೇ ಉಳಿದಿತ್ತು. ಅಂದಿನ ಪೆಟ್ರೋಲನ್ನು ಅದಕ್ಕಿಂತ ಬಹಳ ಹೆಚ್ಚು ಒತ್ತಿದರೆ, ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿದು ಸುತ್ತಿಗೆಯಲ್ಲಿ ಬಡಿದಂತೆ ಟಕಟಕ ಸದ್ದು ಮಾಡುತ್ತಿತ್ತು. ಇದೇ ನಾಕಿಂಗ್. ಬ್ರಿಟನ್ನಿನ ಹ್ಯಾರಿ ರಿಕಾರ್ಡೊ ಸಿಲಿಂಡರಿನ ತಲೆಯ ಆಕಾರವನ್ನೇ ಬದಲಿಸಿ ಇದಕ್ಕೆ ಪರಿಹಾರ ಹುಡುಕಿದರು. ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಥಾಮಸ್ ಮಿಜ್ಲಿ ಇಂಧನದತ್ತ ನೋಡಿದರು.

1921ರ ಡಿಸೆಂಬರ್ 9ರಂದು ಮಿಜ್ಲಿಯ ತಂಡ ಟೆಟ್ರಾಈಥೈಲ್ ಲೆಡ್ ಬೆರೆಸಿದಾಗ ಸದ್ದು ಅಡಗಿತು. ಗ್ಯಾಲನ್ನಿಗೆ ಕೆಲವೇ ಗ್ರಾಂ ಸಾಕಾಗಿತ್ತು. ಮದ್ಯಸಾರವೂ ನಾಕಿಂಗ್ ತಡೆಯುತ್ತದೆಂದು ಅವರಿಗೆ ಗೊತ್ತಿತ್ತು. ಆದರೆ ಅದನ್ನು ಹೆಚ್ಚು ಪ್ರಮಾಣದಲ್ಲಿ ಬೆರೆಸಬೇಕಿತ್ತು, ಯಾರೂ ಮಾಡಬಲ್ಲ ಆ ವಸ್ತುವಿಗೆ ಪೇಟೆಂಟಿನ ರಕ್ಷಣೆಯೂ ಇರಲಿಲ್ಲ. 1923ರ ಫೆಬ್ರವರಿಯಲ್ಲಿ ಓಹಾಯೋದ ಡೇಟನ್ ನಗರದಲ್ಲಿ ಹೊಸ ಪೆಟ್ರೋಲ್ ಮಾರಾಟಕ್ಕೆ ಬಂತು. ಅದರ ಹೆಸರು 'ಈಥೈಲ್'. ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ.

ಸೀಸ ವಿಷವೆಂಬುದು ಆಗ ಹೊಸ ಸಂಗತಿಯಲ್ಲ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿ ಕಲಕಿ ಸತ್ತರು. ಮಿಜ್ಲಿ ಪತ್ರಕರ್ತರೆದುರು ಅದೇ ದ್ರವದಲ್ಲಿ ಕೈತೊಳೆದು ತೋರಿಸಿದರು. ಸ್ವತಃ ಅವರೇ ಹಿಂದಿನ ವರ್ಷ ಸೀಸದ ವಿಷದಿಂದ ಕಾಯಿಲೆ ಬಿದ್ದು ವಿಶ್ರಾಂತಿ ಪಡೆದಿದ್ದರು. 1925ರ ಮೇ ತಿಂಗಳಲ್ಲಿ ಸರ್ಕಾರ ಕರೆದ ಸಭೆಯಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಎಚ್ಚರಿಸಿದರು. ನಿಷೇಧಕ್ಕೆ ಸಾಕಷ್ಟು ಕಾರಣವಿಲ್ಲವೆಂದು ತಜ್ಞರ ಸಮಿತಿ ಮರುವರ್ಷ ಹೇಳಿತು.

ಆಮೇಲಿನ ದಶಕಗಳಲ್ಲಿ ಕಾರುಗಳ ಬಲ ಏರಿತು, ರಸ್ತೆಯ ಧೂಳಿಗೂ ಮಕ್ಕಳ ರಕ್ತಕ್ಕೂ ಸೀಸ ಸೇರಿತು. ಇದನ್ನು ಪ್ರಶ್ನಿಸಲು ಭೂಮಿಯ ವಯಸ್ಸನ್ನು ಅಳೆದಿದ್ದ ಕ್ಲೇರ್ ಪ್ಯಾಟರ್ಸನ್ 1965ರಲ್ಲಿ ಲೇಖನ ಬರೆಯಬೇಕಾಯಿತು. ಭಾರತದ ಪಂಪುಗಳಿಂದ ಸೀಸದ ಪೆಟ್ರೋಲ್ ಮರೆಯಾದದ್ದು 2000ದಲ್ಲಿ. ಕೊನೆಯ ದೇಶವಾದ ಅಲ್ಜೀರಿಯಾದಲ್ಲಿ 2021ರಲ್ಲಿ.

ಇಂದಿನ ಎಂಜಿನ್ನುಗಳು ಸೀಸವಿಲ್ಲದೆಯೇ ಹತ್ತು ಮತ್ತು ಅದಕ್ಕೂ ಮೀರಿದ ಅನುಪಾತದಲ್ಲಿ ಓಡುತ್ತಿವೆ. ಅಂದು ಬದಿಗೆ ಸರಿಸಿದ ಮದ್ಯಸಾರ ಈಗ ಎಥನಾಲ್ ಹೆಸರಿನಲ್ಲಿ ನಮ್ಮ ಪೆಟ್ರೋಲಿಗೇ ಬೆರೆಯುತ್ತಿದೆ. ಅದಕ್ಕೂ ಅದರದೇ ಲೆಕ್ಕಗಳಿವೆ: ಲೀಟರಿಗೆ ಸಿಗುವ ಶಕ್ತಿ ಕಡಿಮೆ, ಕಬ್ಬಿಗೆ ಬೇಕಾದ ನೀರು ಹೆಚ್ಚು.

ದಕ್ಷತೆಯೆಂದರೆ ಕೊಟ್ಟದ್ದಕ್ಕೆ ಪಡೆದದ್ದರ ಲೆಕ್ಕ. ಆದರೆ ಆ ಲೆಕ್ಕವನ್ನು ಸಿಲಿಂಡರಿನೊಳಗೇ ಮುಗಿಸುವುದೋ, ಹೊಗೆ ಕೊಳವೆಯಾಚೆಗೂ ಎಳೆಯುವುದೋ ಎಂಬುದನ್ನು ತೀರ್ಮಾನಿಸುವವರು ಎಂಜಿನಿಯರುಗಳಷ್ಟೇ ಅಲ್ಲ. ಒಂದು ಸದ್ದನ್ನು ಅಡಗಿಸಿದ ಖುಷಿಯಲ್ಲಿ ಆ ಲೆಕ್ಕ ಮುಗಿಯಿತೆಂದುಕೊಂಡ ಜಗತ್ತು, ಬಾಕಿ ತೀರಿಸಲು ನೂರು ವರ್ಷ ತೆಗೆದುಕೊಂಡಿತು.