ಜನಾಂಗೀಯ ತಾರತಮ್ಯ ನಿರ್ಮೂಲನಾ ಒಪ್ಪಂದ ಮತ್ತು ಕರ್ನಾಟಕ

ಜನಾಂಗೀಯ ತಾರತಮ್ಯ ತೊಡೆಯುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸುವ ಈ ಒಪ್ಪಂದವನ್ನು ವಿಶ್ವಸಂಸ್ಥೆ 1965ರಲ್ಲಿ ಅಂಗೀಕರಿಸಿತು. ಭಾರತ 1968ರಲ್ಲಿ ಸ್ಥಿರೀಕರಿಸಿತು. ಬಣ್ಣ, ಜನಾಂಗಗಳ ಜೊತೆಗೆ ವಂಶವನ್ನೂ ತಾರತಮ್ಯದ ಆಧಾರವಾಗಿ ಸೇರಿಸಲು ಸೂಚಿಸಿದ್ದೇ ಭಾರತ. ಆದರೂ ಜಾತಿ ಇದರ ವ್ಯಾಪ್ತಿಗೆ ಬಾರದೆಂಬುದು ದೆಹಲಿಯ ನಿಲುವು; ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆ 2001ರಲ್ಲಿ ನಡೆಸಿದ ಡರ್ಬನ್ ಸಮ್ಮೇಳನದಲ್ಲಿ ಸರ್ಕಾರ ಅದನ್ನೇ ಬಿಗಿಯಾಗಿ ಹಿಡಿಯಿತು. ಜಾತಿಯನ್ನು ಜನಾಂಗವೆನ್ನಲು ವೈಜ್ಞಾನಿಕ ಆಧಾರವಿಲ್ಲವೆಂದು ಸಮಾಜಶಾಸ್ತ್ರಜ್ಞ ಆಂದ್ರೆ ಬೆತೆಯ್ ಎತ್ತಿದ ಆಕ್ಷೇಪ ತೂಕದ್ದೇ. ಅದನ್ನು ಒಪ್ಪಿದರೂ ವಾದ ಮುಗಿಯುವುದಿಲ್ಲ, ಏಕೆಂದರೆ ಒಪ್ಪಂದ ತಡೆಯಬಯಸುವುದು ಹುಟ್ಟಿನಿಂದಲೇ ಅಂಟುವ ಬಹಿಷ್ಕಾರವನ್ನು. ಒಪ್ಪಂದದ ಪಾಲನೆಯನ್ನು ಪರಿಶೀಲಿಸುವ ಉಸ್ತುವಾರಿ ಸಮಿತಿ 2002ರ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ ಜಾತಿಯನ್ನು ಸ್ಪಷ್ಟವಾಗಿ ಒಳಗೊಳಿಸಿತು.

ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ, 1989ರ ದೌರ್ಜನ್ಯ ತಡೆ ಕಾಯ್ದೆ ಇರುವಾಗ ಹೊರಗಿನವರ ತಪಾಸಣೆ ಏಕೆಂಬ ಪ್ರಶ್ನೆಯೂ ಇದೆ. ನಿಜ, ಉತ್ತರ ಕನ್ನಡದ ಆಫ್ರಿಕಾ ಮೂಲದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಕೊಟ್ಟದ್ದು ಸಂಸತ್ತು, ಜಿನೀವಾದಲ್ಲಿ ಕೂರುವ ಈ ಸಮಿತಿ ಅಲ್ಲ. ಆದರೆ ಮಾನ್ಯತೆಯಿಂದ ಬಣ್ಣದ ಮೇಲಿನ ಅಸಹನೆ ಕರಗದು. 2016ರಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿದ್ದು ಇದಕ್ಕೆ ಸಾಕ್ಷಿ. ಕಾನೂನು ಎಷ್ಟರಮಟ್ಟಿಗೆ ನಡೆಯುತ್ತಿದೆಯೆಂದು ಸರ್ಕಾರವನ್ನೇ ಎದುರು ಕೂರಿಸಿ ಕೇಳುವ ವೇದಿಕೆ ಬೇಕು. 2007ರಲ್ಲಿ ಸಮಿತಿ ಭಾರತವನ್ನು ಹಾಗೆಯೇ ಕೇಳಿತು. ಅದರ ಕೈ ಮಾತ್ರ ಗಿಡ್ಡ. ವೈಯಕ್ತಿಕ ದೂರುಗಳನ್ನು ಆಲಿಸಲು ಸಮಿತಿಗೆ ಅಧಿಕಾರ ಕೊಡುವ, ಒಪ್ಪಂದದ 14ನೇ ವಿಧಿಯ ಘೋಷಣೆಯನ್ನು ಭಾರತ ಮಾಡದ ಕಾರಣ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯ ದಲಿತರೊಬ್ಬರು ಅಲ್ಲಿಗೆ ವೈಯಕ್ತಿಕ ದೂರು ಒಯ್ಯಲಾರರು. ಅವರಿಗಿರುವುದು ಇಲ್ಲಿನ ಪೊಲೀಸ್ ಠಾಣೆ, ತಹಶೀಲ್ದಾರರ ಕಚೇರಿ ಮತ್ತು ನ್ಯಾಯಾಲಯ.