ಕೆಂಪು ಕಲ್ಲಿನ ಬೀದರ್, ಕರಿ ನೆಲದ ಭಾಲ್ಕಿ–ಔರಾದ್

ಕರಾವಳಿಯವರು ಬೀದರ್ ಕೋಟೆಯ ಕಂದಕದೊಳಗೆ ಇಣುಕಿದರೆ ಗುರುತಿನ ಕಲ್ಲೇ ಕಣ್ಣಿಗೆ ಬೀಳುತ್ತದೆ. ಮಂಗಳೂರಿನ ಗುಡ್ಡಗಳಲ್ಲಿ ಕಡಿದು ಮನೆ ಕಟ್ಟುವ ಮುರಕಲ್ಲಿನ ಜಾತಿಯೇ ಇದು. ಹಾಗೆಯೇ ತೂತು ತೂತು, ಅದೇ ತುಕ್ಕಿನ ಬಣ್ಣ. ಆದರೆ ಇಲ್ಲಿ ಕಡಲಿಲ್ಲ. ಊರು ಕೂತಿರುವುದು ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರದಲ್ಲಿ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಉದ್ದುದ್ದ ಬಿರಿದು ಲಾವಾ ಹೊಮ್ಮಿತು. ಒಂದು ಹರಿವು ಆರಿ ಗಟ್ಟಿಯಾದ ಮೇಲೆ ಮತ್ತೊಂದು ಬಂತು. ಹೀಗೆ ಪದರ ಪದರವಾಗಿ ಕೂತ ಕರಿಕಲ್ಲೇ ಬೀದರ್ ಸೀಮೆಯ ತಳಪಾಯ. ಆಮೇಲೆ ಲಕ್ಷಾಂತರ ವರ್ಷ ಬಿಸಿಲು, ಮಳೆ ಸೇರಿ ಮೇಲಿನ ಪದರಗಳ ಸುಣ್ಣ, ಮರಳಿನ ಅಂಶಗಳನ್ನು ತೊಳೆದೊಯ್ದವು. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ ಕೆಂಪು ಕಲ್ಲು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಮಲಬಾರಿನ ಇಂಥ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ.

ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಈ ಕಲ್ಲೇ ಅವನ ಬಲವಾಯಿತು. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದರೆ ಗಟ್ಟಿ. ಕೋಟೆಯ ಒಂದು ಬದಿಯಲ್ಲಿ ಕಂದಕ ಒಂದಲ್ಲ, ಮೂರು ಸಾಲು. ನಡುವಿನ ಗೋಡೆಗಳನ್ನು ಯಾರೂ ಕಟ್ಟಲಿಲ್ಲ, ಬಂಡೆಯನ್ನೇ ಹಾಗೆ ಉಳಿಸಿಕೊಂಡು ಅಕ್ಕಪಕ್ಕ ಕೊರೆದರು. 1432ರ ಹೊತ್ತಿಗೆ ಮುಗಿದ ಆ ಕೋಟೆಯಲ್ಲಿ ನೋಡಲೇಬೇಕಾದದ್ದು ಅರಮನೆಗಿಂತ ಈ ಕಂದಕವೇ.

ಬೀದರಿನ ನಿಜವಾದ ಸಂಪತ್ತು ಇರುವುದು ಕೆಂಪು ಕಲ್ಲು ಮುಗಿದು ಕರಿಕಲ್ಲು ಶುರುವಾಗುವ ಗಡಿಯಲ್ಲಿ. ಮೇಲೆ ಬಿದ್ದ ಮಳೆ ರಂಧ್ರಗಳೊಳಗೆ ಇಳಿಯುತ್ತದೆ. ಕೆಳಗಿನ ಜೇಡಿ, ಕರಿಕಲ್ಲು ಅದನ್ನು ಸಲೀಸಾಗಿ ಬಿಟ್ಟುಕೊಡುವುದಿಲ್ಲ. ಅಡ್ಡಕ್ಕೆ ಸರಿದ ನೀರು ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾ, ಪಾಪನಾಶ, ಎದೆಮಟ್ಟದ ನೀರಲ್ಲಿ ಭಕ್ತರು ನಡೆದು ಹೋಗುವ ನರಸಿಂಹ ಝರಣಿ: ಇವು ಮೂರೂ ಈ ಪ್ರಸ್ಥಭೂಮಿಯ ಜಲತಾಣಗಳೇ. ನೌಬಾದಿನ ಕರೇಜ್, ಅಂದರೆ ಸುರಂಗ ಬಾವಿ, ಈ ಗುಟ್ಟನ್ನು ಅರಿತು ತೋಡಿದ್ದು. ಪರ್ಷಿಯಾದಿಂದ ಬಂದ ವಿದ್ಯೆ, ಬೀದರಿನ ಕಲ್ಲಿಗೆ ಹೇಳಿ ಮಾಡಿಸಿದಂತೆ ಒಗ್ಗಿತು. ಸಾಲಾಗಿ ತೋಡಿದ ಬಾವಿಗಳಿಂದ ಗಾಳಿ, ಬೆಳಕು ಒಳಗೆ. ಸಣ್ಣ ಇಳಿಜಾರಿನ ಸುರಂಗದಲ್ಲಿ ನೀರು ತಾನಾಗಿ ಮುಂದೆ.

ಭಾಲ್ಕಿ, ಔರಾದ್ ಕಡೆ ಇಳಿದರೆ ನೆಲದ ಬಣ್ಣವೇ ಬೇರೆ. ಅಲ್ಲಿ ಹೆಚ್ಚಿನ ಕಡೆ ಕರಿಕಲ್ಲು ಸವೆದು ಎರೆಭೂಮಿಯಾಗಿದೆ. ತೊಗರಿ, ಜೋಳ, ಉದ್ದು, ಹೆಸರು ಬೆಳೆಯುವ ಹೊಲಗಳ ನಡುವೆ ಮಾಂಜ್ರಾ ಹರಿಯುತ್ತದೆ. ಎರೆ ತೇವ ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರಡಿ ಅರೆಸವೆದ ಕಲ್ಲಿನ ಮೊರಂ, ಮತ್ತೆ ಗಟ್ಟಿ ಬಂಡೆ. ಬಾವಿಗೆ ನೀರು ಸಿಗಬೇಕಾದರೆ ಬಂಡೆಯ ಬಿರುಕೋ ಎರಡು ಲಾವಾ ಹರಿವುಗಳ ಸಂದೋ ಸಿಗಬೇಕು.

ಮತ್ತೆ ಬೀದರಿಗೆ ಬಂದರೆ, ನೌಬಾದಿನ ಕರೇಜಿನ ಹೂಳು ತೆಗೆಯುವ ಕೆಲಸ ಕಳೆದ ದಶಕದಲ್ಲಿ ನಡೆಯಿತು. ಅಷ್ಟಕ್ಕೇ ನಿಲ್ಲಬಾರದು. ಅದರ ಬಾಯಿಬಾವಿಗಳಿಗೆ ಕಸ ಸುರಿಯದಂತೆ, ಸುರಂಗದ ಮೇಲೆ ಕಟ್ಟಡ ಏಳದಂತೆ, ಮಳೆ ಇಂಗುವ ಕೆಂಪು ನೆಲವೆಲ್ಲ ಕಾಂಕ್ರೀಟ್ ಆಗದಂತೆ ನಗರಾಡಳಿತವೂ ಊರಿನವರೂ ಈಗಲೇ ನೋಡಿಕೊಳ್ಳಬೇಕು.